43 ಬಾರ್, 43 ಮುದ್ದೆ

ಬಾಖ್‌ನ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 999 ಎಂಬ ಸಂಖ್ಯೆಯ ಚಿಕ್ಕ ಪ್ರೆಲ್ಯೂಡ್, ಗಿಟಾರ್ ನುಡಿಸುವ ನಿಮ್ಮಲ್ಲಿ ಬಹುಪಾಲು ಜನರ ಕೈ ದಾಟಿ ಹೋಗಿರುತ್ತದೆ. ಮೂಲದ ಶ್ರುತಿ ಸಿ ಮೈನರ್, ಗಿಟಾರ್‌ನಲ್ಲಿ ನಾವು ನುಡಿಸುವುದು ಡಿ ಮೈನರ್‌ನಲ್ಲಿ. ನನಗೆ ಬೆರಳು ಕೂರಲು ಒಂದು ತಿಂಗಳು ಸಾಕಾಯಿತು. ಸಂಗೀತದಂತೆ ಕೇಳಿಸಲು ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅಲ್ಲಿಯವರೆಗೆ ಅದು ಹೊಲಿಗೆ ಯಂತ್ರವೇ.

ಹಣವೂ ಹೋಯಿತು. ಜೋರು–ಮೆಲು ಗುರುತು ಹಾಕಿದ ಎರಡು ಸ್ವರಲಿಪಿ ಮುದ್ರಣಗಳಿಗೆ ಸಾವಿರದ ನಾನೂರು ರೂಪಾಯಿ ಇರಬೇಕು. ಒಂದು ಹೇಳಿದ್ದಕ್ಕೆ ಇನ್ನೊಂದು ಉಲ್ಟಾ. ದನಿ ಮಂಕಾಗಿದ್ದಕ್ಕೆ ತಂತಿಯೇ ಕಾರಣವೆಂದು ಮೂರು ಸೆಟ್ ಬದಲಿಸಿದೆ. ತಂತಿಯದೇನೂ ತಪ್ಪಿರಲಿಲ್ಲ.

ಕೊನೆಗೆ ಬಿಡಿ ಸ್ವರಗಳನ್ನೆಲ್ಲ ಒತ್ತಿ ಮುದ್ದೆ ಕಟ್ಟಿದೆ. ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಒಂದೇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು), ಒಂದೇ ಮೀಟು. ಇಡೀ ಪ್ರೆಲ್ಯೂಡ್ ಎರಡು ನಿಮಿಷದ ಭಜನೆಯಂತಾಯಿತು. "ಮೊದಲು ಕೈ ಓಡಲಿ, ಲೆಕ್ಕಾಚಾರ ಆಮೇಲೆ ಮಾಡಿಕೊಳ್ಳಿ" ಎಂದು ಮೇಷ್ಟ್ರು ನಕ್ಕರು. ಆದರೆ ಆರಂಭದಲ್ಲಿ ಕೆಳಗೆ ಡಿ ಕದಲದೆ ಕೂತಿರುವಾಗ ಮೇಲೆ ಸಿ ಶಾರ್ಪ್ ಬಂದು ಅದನ್ನು ಉಜ್ಜುವುದು ಆಗಲೇ ಮೊದಲ ಸಲ ಕಿವಿಗೆ ಬಿದ್ದದ್ದು. ಅಷ್ಟು ದಿನ ನಾನು ಏರುವ ಸ್ವರವನ್ನೆಲ್ಲ ಜೋರಾಗಿ ಮೀಟುತ್ತಿದ್ದೆ; ಕಾರ್ಡ್ ಸಡಿಲಗೊಂಡು ನಿಟ್ಟುಸಿರು ಬಿಡುವ ಕಡೆಯೂ ಗದ್ದಲವೇ.

ಅರ್ಥವಾದ ಖುಷಿಯಲ್ಲಿ ಮತ್ತೆ ಕೆಟ್ಟೆ. ಬಿಗಿ ಕಂಡಲ್ಲೆಲ್ಲ ಒತ್ತು ಕೊಟ್ಟು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿದರೆ ಬಿಕ್ಕಳಿಕೆ ಹಿಡಿದವನ ಹಾಗೆ ಕೇಳಿಸಿತು. ಈಗ ಐದು ಕಡೆ ಮಾತ್ರ ಭಾರ ಹಾಕುತ್ತೇನೆ. ಅದೂ ಜೋರಿನಿಂದಲ್ಲ, ಬೇಸ್ ಬಿದ್ದ ಮೇಲೆ ಮುಂದಿನ ಸ್ವರವನ್ನು ಕೂದಲೆಳೆಯಷ್ಟು ತಡಮಾಡಿ.

ನಂತರ ಬರುವ ಉದ್ದನೆಯ ಇ ಪೆಡಲ್, ಅಂದರೆ ಮೇಲೆ ಕಾರ್ಡ್ ಬದಲಾದರೂ ಕೆಳಗೆ ಕದಲದ ಇ ಸ್ವರ, ನನಗೆ ಅತಿ ಬೇಸರದ ಜಾಗವಾಗಿತ್ತು. ಅಮ್ಮನ ಶ್ರುತಿಪೆಟ್ಟಿಗೆಯನ್ನು ಬಿಳಿ ಮೂರಕ್ಕೆ (ಅದೇ ಇ ಸ್ವರ) ಇಟ್ಟು ಅದರ ಮೇಲೆ ಮುದ್ದೆಗಳನ್ನು ನುಡಿಸಿದೆ. ಎ ಮೈನರ್ ತಲೆಹಾಕಿದಾಗ ಪೆಟ್ಟಿಗೆಯ ಪಂಚಮ ಕಚ್ಚಾಡಿತು. ಪಂಚಮ ತೆಗೆದು ಬರೀ ಷಡ್ಜ ಉಳಿಸಿಕೊಂಡೆ. ನಾಲ್ಕೇ ದಿನದಲ್ಲಿ ಆ ಭಾಗ ಓಡುವುದನ್ನು ಬಿಟ್ಟು ಕಾಯುವುದನ್ನು ಕಲಿಯಿತು. ತೆರೆದ ಆರನೆಯ ತಂತಿ ಮುಂದಿನ ಕಾರ್ಡ್‌ನೊಳಗೂ ಗುಂಯ್‌ಗುಡುತ್ತದಲ್ಲ, ಅದನ್ನು ಎಡಗೈ ಬಿಡದೆ ಅಡಗಿಸುವ ಒಂದು ಉಪಾಯ ಸಿಕ್ಕಿದೆ. ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಇದೇ ಹುಮ್ಮಸ್ಸಿನಲ್ಲಿ ರೋಬೇರ್ ದ ವಿಝೆಯ ಡಿ ಮೈನರ್ ಸೂಟ್‌ಗೂ (ಕುಣಿತದ ತುಣುಕುಗಳ ಗೊಂಚಲು) ಕೈಹಾಕಿದೆ. 1686ರಲ್ಲಿ ಅಚ್ಚಾದದ್ದು, ಐದು ಜೋಡಿ ತಂತಿಯ ಗಿಟಾರ್‌ನದು. ನಮ್ಮ ಆರನೆಯ ತಂತಿ ಅದರಲ್ಲಿ ಇರಲೇ ಇಲ್ಲ. ಅಲ್ಲಿನ ಮಿನ್ಯುಯೆಟ್ ಎಂಬ ಕುಣಿತದ ತುಣುಕಿನಲ್ಲಿ ಮುದ್ದೆ ಉಪಾಯ ಮಕಾಡೆ ಮಲಗಿತು. ಕಾರ್ಡ್‌ಗಳು ಬೇಗ ಬದಲಾಗುತ್ತವೆ, ಒತ್ತನ್ನು ನಿರ್ಧರಿಸುವುದು ಕುಣಿಯುವ ಕಾಲು. ಒಂದು ವಾರ ಒದ್ದಾಡಿ ಕೈಬಿಟ್ಟೆ.

ಕಳೆದ ತಿಂಗಳು ಮೇಷ್ಟ್ರ ಮನೆಯಲ್ಲಿ ಹದಿನೈದು ಜನರ ಮುಂದೆ ಪ್ರೆಲ್ಯೂಡ್ ನುಡಿಸಿದೆ. ಅದು ಕೊನೆಗೊಳ್ಳುವುದು ಡಿ ಮೈನರ್‌ನಲ್ಲಲ್ಲ, ಎ ಮೇಜರ್‌ನಲ್ಲಿ. ಎಲ್ಲರೂ ಅದನ್ನು ಬಾಗಿಲು ಹಾಕಿದಂತೆ ಬಾರಿಸುತ್ತಾರೆ. ನಾನು ಮೆಲ್ಲಗೆ ಮೀಟಿ ಬಿಟ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಇನ್ನೂ ಇದೆ ಎಂದು ಕಾಯುತ್ತಿದ್ದರು. ಆಮೇಲೆ ಮೇಷ್ಟ್ರು ಪಕ್ಕಕ್ಕೆ ಕರೆದು ಮುದ್ದೆಗಳ ಹಾಳೆ ಕೇಳಿದರು. ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ, ಬೆರಳುಗಳ ಪೆನ್ಸಿಲ್ ಗುರುತು ಅಳಿಸಿ.