ಫೋಟೋ ಹಿಂದಿನ ಹೆಸರುಗಳು

ಎರಡೂ ಮನೆಯ ಹಳೆಯ ಫೋಟೋಗಳನ್ನು ಒಂದೇ ಕಡೆ ಸೇರಿಸೋಣ ಅಂತ ಮೊದಲು ಹೇಳಿದವರು ನನ್ನ ಗಂಡ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನ ತವರಿನ ಆಲ್ಬಮ್ ಅಲ್ಲೇ, ಅವರ ಮನೆಯದ್ದು ಇಲ್ಲೇ ಉಳಿದಿತ್ತು. ಇದರ ನಡುವೆ, ಅವುಗಳಲ್ಲಿರುವ ಮುಖಗಳನ್ನು ಗುರುತಿಸುವವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದರು. ನಮ್ಮ ಅವಸರಕ್ಕೆ ಅದೇ ಕಾರಣ. ಫೋಟೋ ನೂರು ವರ್ಷ ಉಳಿದರೂ ಹೆಸರು ಹೇಳುವವರು ಹೋದ ಮೇಲೆ ಅದು ಯಾರದೋ ಮುಖ, ಅಷ್ಟೇ.

ಈ ಕೆಲಸಕ್ಕೆ ಕೈ ಹಾಕುವವರು ಜಾಸ್ತಿ ಜನ ಸ್ಕ್ಯಾನ್ ಮಾಡುವುದರಿಂದಲೇ ಶುರು ಮಾಡುತ್ತಾರೆ. ನಾವು ಶುರು ಮಾಡಿದ್ದು ಅತ್ತೆಯಿಂದ. ಸ್ಕ್ಯಾನರ್ ಮುಂದಿನ ವರ್ಷವೂ ಸಿಗುತ್ತದೆ. ಅತ್ತೆಯ ನೆನಪು ಇವತ್ತು ಇದ್ದ ಹಾಗೆ ಆಗಲೂ ಇರುತ್ತದೆ ಅಂತ ಹೇಳುವುದು ಹೇಗೆ?

ಅತ್ತೆಯ ಪಕ್ಕ ಕೂತು, ಒಂದು ಸಲಕ್ಕೆ ಒಂದೇ ಫೋಟೋ ಅವರ ಕೈಗೆ ಕೊಡುತ್ತಿದ್ದೆ. ಫ್ಯಾನ್ ಆರಿಸಿ, ಮಡಿಸಿದ ಬಟ್ಟೆಯ ಮೇಲೆ ಫೋನ್ ಇಟ್ಟು, ಅವರ ಒಪ್ಪಿಗೆ ಕೇಳಿ ರೆಕಾರ್ಡಿಂಗ್ ಹಾಕುತ್ತಿದ್ದೆ. ‘ಇದು ಯಾರು?’ ಅಂತ ಕೇಳಿದರೆ ಒಂದು ಹೆಸರು ಹೇಳಿ ಸುಮ್ಮನಾಗುತ್ತಿದ್ದರು. ಕೆಲವು ದಿನ ಹೋದ ಮೇಲೆ ಕೆಲಸಕ್ಕೆ ಬರುವ ಪ್ರಶ್ನೆಗಳು ಯಾವುವು ಅಂತ ತಿಳಿಯಿತು. ಅವತ್ತು ಇಲ್ಲಿ ಯಾರು ಇರಲಿಲ್ಲ? ಇದಾದ ಮೇಲೆ ನೀವೆಲ್ಲ ಏನು ಮಾಡಿದಿರಿ? ಈ ಫೋಟೋ ತೆಗೆದವರು ಯಾರು?

ಆ ಕೊನೆಯ ಪ್ರಶ್ನೆಯೇ ನಮ್ಮ ಮನೆಯ ಒಂದು ಹಳೆಯ ನೋವನ್ನು ಬಿಡಿಸಿತು. ನನ್ನ ಗಂಡನ ಬಾಲ್ಯದ ಫೋಟೋಗಳಲ್ಲಿ ಮಾವ ಇಲ್ಲವೇ ಇಲ್ಲ ಅನ್ನಬೇಕು. ಅಪ್ಪ ತಮ್ಮ ಜೊತೆ ಹೆಚ್ಚು ಇರುತ್ತಿರಲಿಲ್ಲ ಅಂತಲೇ ಅವರು ತಿಳಿದಿದ್ದರು. ನನಗೂ ಹಾಗೇ ಹೇಳಿದ್ದರು. ಅವತ್ತು ಅತ್ತೆ ಮಗನ ಮುಖ ನೋಡಿ, ‘ಎಲ್ಲದರಲ್ಲೂ ನಿಮ್ಮಪ್ಪ ಇದ್ದಾರೆ ಕಣೋ. ಇಲ್ಲಿ ನೀನು ಯಾರನ್ನ ನೋಡಿ ಇಷ್ಟು ನಗ್ತಾ ಇದೀಯ ಅಂದ್ಕೊಂಡೆ?’ ಅಂದರು. ಮಾವ ಈಗಿಲ್ಲ. ಆ ರಾತ್ರಿ ನನ್ನ ಗಂಡ ನೋಡಿದ ಫೋಟೋಗಳನ್ನೆಲ್ಲ ಮತ್ತೆ ಮೊದಲಿಂದ ನೋಡಿದರು. ಅಂದಿನಿಂದ ಗೊತ್ತಿದ್ದ ಕಡೆಯಲ್ಲೆಲ್ಲ, ಫೋಟೋ ತೆಗೆದವರ ಹೆಸರನ್ನೂ ಬರೆಯುತ್ತೇವೆ.

ಒಂದೇ ಫೋಟೋ ಬಗ್ಗೆ ಅತ್ತೆ ಒಂದು ಹೇಳಿದರೆ ಅವರ ತಂಗಿ ಇನ್ನೊಂದು ಹೇಳುತ್ತಾರೆ. ಎರಡನ್ನೂ, ಹೇಳಿದವರ ಹೆಸರಿನ ಜೊತೆ ಬರೆದಿಟ್ಟಿದ್ದೇವೆ. ಯಾವುದು ಸರಿ ಅಂತ ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ, ಅಲ್ವಾ?

ನಮ್ಮಿಬ್ಬರಿಗೂ ಅಭಿಪ್ರಾಯ ಕೂಡದೆ ಇದ್ದದ್ದು ಒಂದೇ ಫೋಟೋ ವಿಷಯದಲ್ಲಿ. ಅದರಲ್ಲಿ ಒಬ್ಬರನ್ನು ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಕೇಳಿ ಅತ್ತೆಯನ್ನು ನೋಯಿಸುವುದು ಬೇಡ ಅಂತ ಅವರು. ಕೇಳುವವರು ಇಲ್ಲದೆಯೇ ಆ ನೋವು ಇಷ್ಟು ದಿನ ಒಳಗೆ ಉಳಿದಿರಬಹುದು ಅಂತ ನಾನು. ಕೊನೆಗೆ ರೆಕಾರ್ಡಿಂಗ್ ನಿಲ್ಲಿಸಿ, ‘ಇದರ ಬಗ್ಗೆ ಹೇಳ್ತೀರಾ ಅತ್ತೆ, ಅಥವಾ ಪಕ್ಕಕ್ಕೆ ಇಡಲಾ?’ ಅಂತ ಕೇಳಿದೆ. ‘ಬರೀಬೇಡ ಕಣಮ್ಮ, ಕೇಳಿಸ್ಕೋ ಸಾಕು’ ಅಂದರು. ತುಂಬಾ ಹೊತ್ತು ಮಾತಾಡಿದರು. ಆ ಮಾತು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ.

ಇನ್ನು ಕೈಕೆಲಸ. ಹಳೆಯ ಕಪ್ಪು-ಬಿಳುಪು ಫೋಟೋ ದಪ್ಪ ಕಾಗದದ್ದಾಗಿದ್ದರೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಬರೆಯಬಹುದು. ಬಾಲ್‌ಪೆನ್ ಬೇಡ. ಅದರ ಒತ್ತು ಮುಂದುಗಡೆ ಮೂಡುತ್ತದೆ, ಶಾಯಿಯೂ ಹರಡಬಹುದು. ಪ್ಲಾಸ್ಟಿಕ್ ಲೇಪದ ಕಲರ್ ಫೋಟೋ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ. ಅವುಗಳ ಹೆಸರನ್ನು ಬೇರೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿ ಜೊತೆಗಿಟ್ಟೆವು.

ಅಂಟಿನ ಪುಟದ ಮೇಲೆ ಪ್ಲಾಸ್ಟಿಕ್ ಹಾಳೆ ಇರುವ ಆಲ್ಬಮ್‌ಗಳೇ ದೊಡ್ಡ ತಲೆನೋವು. ವರ್ಷಗಳಾದ ಮೇಲೆ ಆ ಅಂಟು ಫೋಟೋವನ್ನು ಬಿಡುವುದಿಲ್ಲ. ಎಳೆದರೆ ಹರಿಯುತ್ತದೆ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರವನ್ನು ಅಡಿಯಲ್ಲಿ ನಿಧಾನವಾಗಿ ಆಡಿಸಿದರೆ ಎಷ್ಟೋ ಬಿಡುತ್ತವೆ. ಬಿಡದಿದ್ದರೆ ಹಟ ಬೇಡ, ಇಡೀ ಪುಟವನ್ನೇ ಸ್ಕ್ಯಾನ್ ಮಾಡಿ.

ಸ್ಕ್ಯಾನ್‌ಗೆ ಕಲರ್ ಫೋಟೋಗಳೇ ಮೊದಲು. 1970, 80ರ ದಶಕದ ಎಷ್ಟೋ ಕಲರ್ ಫೋಟೋಗಳು ಕೆಂಪಾಗಿರುವುದನ್ನು ನೀವೂ ನೋಡಿರುತ್ತೀರಿ. ಕತ್ತಲಲ್ಲಿ ಇಟ್ಟರೂ ಅವುಗಳ ನೀಲಿ-ಹಸಿರು ಬಣ್ಣ ಬೇಗ ಮಾಸುತ್ತದೆ. ಕಪ್ಪು-ಬಿಳುಪಿನಲ್ಲಿರುವುದು ಬೆಳ್ಳಿ, ಪ್ರಿಂಟ್ ಹಾಕುವಾಗಲೇ ಚೆನ್ನಾಗಿ ತೊಳೆದು ಒಣಗಿಸಿದ್ದರೆ ತುಂಬಾ ಕಾಲ ತಡೆಯುತ್ತದೆ. ನಾವು ಇಟ್ಟುಕೊಂಡ ಲೆಕ್ಕ 600 ಡಿಪಿಐ, ಅಂದರೆ ಒಂದು ಇಂಚಿಗೆ 600 ಚುಕ್ಕೆ. 4×6 ಇಂಚಿನ ಫೋಟೋ ಆಗ 2400×3600 ಪಿಕ್ಸೆಲ್ ಆಗುತ್ತದೆ, ದೊಡ್ಡದಾಗಿ ಮತ್ತೆ ಪ್ರಿಂಟ್ ಹಾಕಿಸಬಹುದು. ಬಣ್ಣ ತಿದ್ದುವುದೇನಿದ್ದರೂ ನಕಲಿನ ಮೇಲೆ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಒಟ್ಟು ಮೂರು ಪ್ರತಿ ಇರಲಿ, ಒಂದು ಬೇರೆ ಮನೆಯಲ್ಲಿ.

ಫೋಟೋದ ಅಂಚನ್ನು ಮಾತ್ರ ಕತ್ತರಿಸಬೇಡಿ. ಅತ್ತೆ ಜಾಸ್ತಿ ಮಾತಾಡಿದ್ದು ಮುಖಗಳ ಬಗ್ಗೆ ಅಲ್ಲ, ಹಿಂದೆ ಕಾಣುವ ಪರದೆ, ರೇಡಿಯೋ, ಕಾಲು ಮುರಿದ ಕುರ್ಚಿಯ ಬಗ್ಗೆ. ವಿಶೇಷ ದಿನಗಳ ಫೋಟೋ ರಾಶಿ ಇವೆ, ಮಾಮೂಲಿ ಮಂಗಳವಾರದ್ದು ಒಂದೂ ಇಲ್ಲ. ಹಾಗಾಗಿ ಈಗ ನಾವಿಬ್ಬರೂ ಅಂಥದ್ದನ್ನೇ ತೆಗೆಯುತ್ತೇವೆ. ಬಾಗಿಲ ಬಳಿಯ ಚಪ್ಪಲಿ ಸಾಲು, ನನ್ನ ಗಂಡನ ಕೈಬರಹದ ಸಾಮಾನು ಪಟ್ಟಿ, ಒಣಗಿದ ಬಟ್ಟೆ ಮಡಿಸುತ್ತಾ ಏನೋ ವಾದ ಮಾಡುತ್ತಿರುವ ನಾನು.

ಈಗ ನನ್ನ ತವರಿನ ಆಲ್ಬಮ್ ಸರದಿ. ಅಮ್ಮನಿಗೆ ಎದುರು ಕೂತು ಹೇಳುವುದು ಆಗಿಬರುವುದಿಲ್ಲ, ಫೋನಿನಲ್ಲಾದರೆ ಮಾತು ಹರಿಯುತ್ತದೆ. ಬೆಳಿಗ್ಗೆ ಒಂದು ಫೋಟೋ ಕಳಿಸುತ್ತೇನೆ, ಸಂಜೆ ಕರೆ ಮಾಡುತ್ತೇನೆ. ಕೆಲವು ಸಲ ನಾನು ಕರೆ ಮಾಡುವ ಮೊದಲೇ ಅವರೇ ಮಾಡುತ್ತಾರೆ.