ಗಿಟಾರ್ ಪೆಡಲ್‌ಬೋರ್ಡಿಗೆ ಬಫರ್: ಒಂದೇ ಐಸಿಯಲ್ಲಿ ಮನೆಯಲ್ಲೇ ಕಟ್ಟಿ

ಎಲೆಕ್ಟ್ರಿಕ್ ಗಿಟಾರನ್ನು ಒಂದೇ ಕೇಬಲ್‌ನಲ್ಲಿ ನೇರವಾಗಿ ಆಂಪ್‌ಗೆ ಕೊಟ್ಟು ಒಮ್ಮೆ ನುಡಿಸಿ. ಆಮೇಲೆ ಪೆಡಲ್‌ಬೋರ್ಡ್ (ದನಿ ಬದಲಿಸುವ ಪೆಡಲ್‌ಗಳನ್ನು ಜೋಡಿಸಿಟ್ಟ ಹಲಗೆ) ಮೂಲಕ, ಎಲ್ಲ ಪೆಡಲ್‌ಗಳನ್ನೂ ಆಫ್ ಮಾಡಿಟ್ಟು, ಅದನ್ನೇ ನುಡಿಸಿ. ಎರಡನೇ ಸಲ ತಂತಿಯ ಮೊನಚು ಮಾಯವಾಗಿ ದನಿ ಮಂಕಾಗಿದ್ದರೆ ತಪ್ಪು ಪೆಡಲ್‌ಗಳದ್ದಲ್ಲ, ಕೇಬಲ್‌ಗಳ ಒಟ್ಟು ಉದ್ದದ್ದು. ಅದಕ್ಕೆ ಮದ್ದು ಬಫರ್ ಎಂಬ ಚಿಕ್ಕ ಸರ್ಕ್ಯೂಟ್. ಸೋಲ್ಡರಿಂಗ್ ಅಭ್ಯಾಸ ಸ್ವಲ್ಪ ಇದ್ದವರು ಒಂದು ಸಂಜೆಯಲ್ಲಿ ಇದನ್ನು ಕಟ್ಟಿ ಮುಗಿಸಬಹುದು.

ಮೊದಲು ಕಾರಣ ತಿಳಿದುಕೊಳ್ಳೋಣ. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ. ಸಿಂಗಲ್ ಕಾಯಿಲ್ ಪಿಕಪ್‌ನ ಇಂಡಕ್ಟೆನ್ಸ್ ಸುಮಾರು 2.5 ಹೆನ್ರಿ. ಗಿಟಾರ್ ಕೇಬಲ್‌ಗೆ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ಇವೆರಡೂ ಸೇರಿದಾಗ ಒಂದು ನಿರ್ದಿಷ್ಟ ಆವರ್ತನದಲ್ಲಿ ದನಿ ಉಬ್ಬಿ, ಅದರಾಚೆ ಜಾರಿಹೋಗುತ್ತದೆ. 6 ಮೀಟರ್ ಕೇಬಲ್ ಒಂದೇ ಇದ್ದರೆ, ಪಿಕಪ್‌ನ ಸ್ವಂತ 100 ಪಿಕೋಫ್ಯಾರಡ್ ಸೇರಿಸಿ, ಆ ಉಬ್ಬು ಸುಮಾರು 3,800 ಹರ್ಟ್ಸ್‌ನಲ್ಲಿ ಬೀಳುತ್ತದೆ. ಬೋರ್ಡಿಗೆ 6 ಮೀಟರ್, ಬೋರ್ಡಿನೊಳಗಿನ ಪ್ಯಾಚ್ ಕೇಬಲ್ ಎಲ್ಲ ಸೇರಿ 3 ಮೀಟರ್, ಅಲ್ಲಿಂದ ಆಂಪ್‌ಗೆ ಮತ್ತೆ 6 ಮೀಟರ್ ಆದಾಗ ಅದು 2,500 ಹರ್ಟ್ಸ್‌ಗೆ ಇಳಿಯುತ್ತದೆ. ಕಿವಿಗೆ ಮಂಕು ಅನ್ನಿಸುವುದು ಇದೇ ಇಳಿತ. ಹೀಗೆ ಹೋದ ಹೊಳಪನ್ನು ಆಂಪ್‌ನ ಟ್ರೆಬಲ್ ಏರಿಸಿ ಪೂರ್ತಿಯಾಗಿ ಮರಳಿ ತರಲಾಗದು. ಹಾಗೆ ಮಾಡಿದರೆ ಹಿಸ್ ಸದ್ದೂ ಜೊತೆಗೇ ಏರುತ್ತದೆ.

ಬಫರ್ ದನಿಯನ್ನು ಜೋರು ಮಾಡುವುದಿಲ್ಲ. ಬಂದ ಸಿಗ್ನಲ್ಲನ್ನು ಅಷ್ಟೇ ಮಟ್ಟದಲ್ಲಿ, ಆದರೆ ಉದ್ದನೆಯ ಕೇಬಲ್ ದಾಟುವಷ್ಟು ಕಸುವಿನಿಂದ ಮುಂದಕ್ಕೆ ಕೊಡುತ್ತದೆ. ಪಿಕಪ್ ಹೊರಬೇಕಾದದ್ದು ಬಫರ್‌ವರೆಗಿನ ಕೇಬಲ್ಲನ್ನು ಮಾತ್ರ. ಅದಕ್ಕೇ ಗಿಟಾರಿನಿಂದ ಬೋರ್ಡಿಗೆ ಬರುವ ಕೇಬಲ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಅಲ್ಲಿ ಕಳೆದದ್ದನ್ನು ಬಫರ್ ಮರಳಿಸುವುದಿಲ್ಲ.

ಒಂದು ಪರೀಕ್ಷೆ ಮಾಡದೆ ಖರ್ಚಿಗೆ ಇಳಿಯಬೇಡಿ. ಬಾಸ್ ಕಂಪನಿಯ ಟಿಯು-3 ಟ್ಯೂನರ್, ಐಬನೇಜ್‌ನ ಟ್ಯೂಬ್ ಸ್ಕ್ರೀಮರ್‌ನಂಥ ಪೆಡಲ್‌ಗಳಲ್ಲಿ ಬಫರ್ ಒಳಗೇ ಇರುತ್ತದೆ. ಆಫ್ ಆಗಿದ್ದಾಗಲೂ ಕೆಲಸ ಮಾಡುತ್ತಿರುತ್ತದೆ. ಅಂಥದ್ದೊಂದು ಬೋರ್ಡಿನ ಮೊದಲಲ್ಲಿದ್ದರೆ ನಿಮಗೆ ಇನ್ನೊಂದು ಬೇಕಿಲ್ಲ. ಎಲ್ಲವೂ ಟ್ರೂ ಬೈಪಾಸ್ ಪೆಡಲ್‌ಗಳಾಗಿದ್ದರೆ (ಆಫ್ ಆದಾಗ ಸಿಗ್ನಲ್ಲನ್ನು ನೇರ ತಂತಿಯಂತೆ ದಾಟಿಸುವಂಥವು) ಮುಂದೆ ಓದಿ.

ಬೇಕಾದ ಸಾಮಾನು

ಬೆಂಗಳೂರಿನಲ್ಲಿ ಇದಕ್ಕೆ ಎಸ್.ಪಿ. ರಸ್ತೆಯೇ ಸರಿ. ಟೌನ್‌ಹಾಲ್ ಕಡೆಯಿಂದ ನಡೆದೇ ಹೋಗಬಹುದು. ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಅಂಗಡಿಯಲ್ಲಿ ಸಮಯ ಉಳಿಯಬೇಕೆಂದರೆ ಪಟ್ಟಿಯನ್ನು ಬರೆದುಕೊಂಡೇ ಹೋಗಿ.

ಟಿಎಲ್072 ಐಸಿ 1, ಅದಕ್ಕೆ 8 ಪಿನ್ನಿನ ಐಸಿ ಬೇಸ್ 1
ಕಾಲು ವ್ಯಾಟ್ ಮೆಟಲ್ ಫಿಲ್ಮ್ ರೆಸಿಸ್ಟರ್: 2.2 ಮೆಗಾಓಮ್ 2, 10 ಕಿಲೋಓಮ್ 2, 100 ಕಿಲೋಓಮ್ 1, 1 ಕಿಲೋಓಮ್ 1, 100 ಓಮ್ 1
ಫಿಲ್ಮ್ ಕೆಪಾಸಿಟರ್ 22 ನ್ಯಾನೋಫ್ಯಾರಡ್ 1 (ಮೈಮೇಲೆ 223 ಎಂದಿರುತ್ತದೆ), ಸೆರಾಮಿಕ್ 100 ನ್ಯಾನೋಫ್ಯಾರಡ್ 1 (104)
25 ವೋಲ್ಟ್ ಎಲೆಕ್ಟ್ರೋಲಿಟಿಕ್: 100, 47 ಮತ್ತು 10 ಮೈಕ್ರೋಫ್ಯಾರಡ್ ಒಂದೊಂದು
1ಎನ್5817 ಡಯೋಡ್ 1
6.35 ಎಂಎಂ ಮೋನೋ ಸಾಕೆಟ್ 2, ಪ್ಲಾಸ್ಟಿಕ್ ಮೈಯ 2.1 ಎಂಎಂ ಡಿಸಿ ಸಾಕೆಟ್ 1
ಜೀರೋ ಪಿಸಿಬಿ ಒಂದು ತುಂಡು, ಅಲ್ಯೂಮಿನಿಯಂ ಡಬ್ಬಿ 1

ಐಸಿಯ ವಿಷಯದಲ್ಲಿ ರಾಜಿ ಬೇಡ. 'ಅದೇ ಥರದ್ದು' ಎಂದು 741 ಕೊಟ್ಟರೆ ತೆಗೆದುಕೊಳ್ಳಬೇಡಿ, ಗದ್ದಲ ಹೆಚ್ಚು. ಆಡಿಯೊಗೆ ಹೆಸರಾದ ಎನ್‌ಇ5532 ಕೂಡ ಇಲ್ಲಿ ಹೊಂದುವುದಿಲ್ಲ. ಅದರ ಇನ್‌ಪುಟ್ ಸುಮಾರು 200 ನ್ಯಾನೋಆಂಪಿಯರ್ ಎಳೆಯುತ್ತದೆ, 2.2 ಮೆಗಾಓಮ್‌ನಲ್ಲಿ ಅದು ಹರಿದರೆ 0.44 ವೋಲ್ಟ್ ವ್ಯತ್ಯಾಸ ಬೀಳುತ್ತದೆ. ಟಿಎಲ್072 ಎಳೆಯುವುದು ಪಿಕೋಆಂಪಿಯರ್ ಲೆಕ್ಕದಲ್ಲಿ. ಡಯೋಡ್ ಸಿಗದಿದ್ದರೆ ಮಾತ್ರ 1ಎನ್4007 ಹಾಕಬಹುದು, ಅರ್ಧ ವೋಲ್ಟ್‌ನಷ್ಟು ಹೆಚ್ಚು ನಷ್ಟವಾಗುತ್ತದೆ ಅಷ್ಟೆ.

ಕಟ್ಟುವ ಕ್ರಮ

25 ವ್ಯಾಟ್‌ನ ಸೋಲ್ಡರಿಂಗ್ ಐರನ್ ಸಾಕು. ಮೊದಲು ಐಸಿ ಬೇಸನ್ನು ಬೋರ್ಡಿನ ನಡುವೆ ಕೂರಿಸಿ. ಐಸಿಯನ್ನು ಈಗಲೇ ಹಾಕಬೇಡಿ.

ಪವರ್‌ನಿಂದ ಶುರು ಮಾಡಿ. ಡಿಸಿ ಸಾಕೆಟ್ಟಿನ ಪ್ಲಸ್‌ನಿಂದ ಡಯೋಡ್‌ಗೆ, ಡಯೋಡಿನ ಪಟ್ಟಿಯಿರುವ ಕಡೆಯಿಂದ 8ನೇ ಪಿನ್ನಿಗೆ. 4ನೇ ಪಿನ್ ಗ್ರೌಂಡ್‌ಗೆ, ಅಂದರೆ ಡಿಸಿ ಸಾಕೆಟ್ಟಿನ ಮೈನಸ್ ಮತ್ತು ಗಿಟಾರ್ ಸಾಕೆಟ್ಟುಗಳ ಹೊರಭಾಗ ಸೇರುವ ಬಿಂದುವಿಗೆ. 8ನೇ ಪಿನ್ ಮತ್ತು ಗ್ರೌಂಡ್ ನಡುವೆ 100 ಮೈಕ್ರೋಫ್ಯಾರಡ್, ಅದರ ಜೊತೆಗೇ 104 ಸೆರಾಮಿಕ್. ಸೆರಾಮಿಕ್ ಐಸಿಗೆ ಆದಷ್ಟು ಹತ್ತಿರವಿರಲಿ.

ಮುಂದೆ ಅರ್ಧ ವೋಲ್ಟೇಜ್. ಎರಡು 10 ಕಿಲೋಓಮ್‌ಗಳನ್ನು ಒಂದರ ಬಾಲಕ್ಕೆ ಒಂದು ಸೇರಿಸಿ 8ನೇ ಪಿನ್ನಿಗೂ ಗ್ರೌಂಡ್‌ಗೂ ನಡುವೆ ಹಾಕಿ. ಎರಡೂ ಕೂಡುವ ಜಾಗದಿಂದ 47 ಮೈಕ್ರೋಫ್ಯಾರಡ್ ಗ್ರೌಂಡ್‌ಗೆ. ಈ ನಡುಬಿಂದುವಿನಲ್ಲಿ ಸುಮಾರು 4.4 ವೋಲ್ಟ್ ನಿಲ್ಲುತ್ತದೆ. ಗಿಟಾರ್ ಸಿಗ್ನಲ್ ಇದರ ಮೇಲೆ ಕೆಳಗೆ ಆಡುತ್ತದೆ.

ಇನ್‌ಪುಟ್ ಸಾಕೆಟ್ಟಿನ ಟಿಪ್‌ನಿಂದ (ಪ್ಲಗ್ಗಿನ ತುದಿ ತಾಗುವ ಕಾಲು) ಒಂದು 2.2 ಮೆಗಾಓಮ್ ಗ್ರೌಂಡ್‌ಗೆ. ಅದೇ ಟಿಪ್‌ನಿಂದ 1 ಕಿಲೋಓಮ್, ಅದರಾಚೆ 223 ಫಿಲ್ಮ್ ಕೆಪಾಸಿಟರ್, ಅಲ್ಲಿಂದ 3ನೇ ಪಿನ್ನಿಗೆ. 3ನೇ ಪಿನ್ನಿನಿಂದ ಇನ್ನೊಂದು 2.2 ಮೆಗಾಓಮ್ ನಡುಬಿಂದುವಿಗೆ. ಎರಡು 2.2 ಸೇರಿ ಪಿಕಪ್‌ಗೆ ಕಾಣುವ ಇನ್‌ಪುಟ್ ಇಂಪೀಡೆನ್ಸ್ 1.1 ಮೆಗಾಓಮ್ ಆಗುತ್ತದೆ, ಬೇಕಾದದ್ದೂ ಅಷ್ಟೆ. ಇಲ್ಲಿ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಪೆಡಲ್‌ಬೋರ್ಡ್ ತಟ್ಟಿದ ಸದ್ದೂ ಆಂಪ್‌ನಲ್ಲಿ ಕೇಳಿಸಬಹುದು.

1 ಮತ್ತು 2ನೇ ಪಿನ್ನುಗಳನ್ನು ತಂತಿಯಿಂದ ಜೋಡಿಸಿ. 1ನೇ ಪಿನ್ನಿನಿಂದ 100 ಓಮ್, ಆಮೇಲೆ 10 ಮೈಕ್ರೋಫ್ಯಾರಡ್, ಅದರ ಪ್ಲಸ್ ಕಾಲು ಐಸಿಯ ಕಡೆಗೆ, ಅಲ್ಲಿಂದ ಔಟ್‌ಪುಟ್ ಸಾಕೆಟ್ಟಿನ ಟಿಪ್‌ಗೆ. ಟಿಪ್‌ನಿಂದ 100 ಕಿಲೋಓಮ್ ಗ್ರೌಂಡ್‌ಗೆ. ಆ 100 ಓಮ್ ಸಣ್ಣದೆಂದು ಬಿಡಬೇಡಿ. ಉದ್ದ ಕೇಬಲ್ಲಿನ ಕೆಪಾಸಿಟೆನ್ಸ್ ಎದುರು ಐಸಿ ತಾನೇ ಕೂಗತೊಡಗುವುದನ್ನು ತಡೆಯುವುದು ಅದೇ.

ಟಿಎಲ್072 ಒಳಗೆ ಎರಡು ಆಂಪ್ಲಿಫೈಯರ್‌ಗಳಿವೆ. ಬಳಸದ ಅರ್ಧವನ್ನು ತೇಲಾಡಲು ಬಿಡಬಾರದು: 5ನೇ ಪಿನ್ನನ್ನು ನಡುಬಿಂದುವಿಗೆ, 6ನ್ನು 7ಕ್ಕೆ ಸೇರಿಸಿ.

ಡಿಸಿ ಸಾಕೆಟ್ ಮತ್ತು ಅಡಾಪ್ಟರ್

ಕಟ್ಟಿದ್ದು ಕೆಲಸ ಮಾಡದಿದ್ದರೆ ಮೊದಲು ನೋಡಬೇಕಾದ ಜಾಗ ಇದು. ಪೆಡಲ್‌ಗಳ 9 ವೋಲ್ಟ್ ಪ್ಲಗ್ಗಿನಲ್ಲಿ ನಡುವೆ ಮೈನಸ್, ಹೊರಸುತ್ತಿನಲ್ಲಿ ಪ್ಲಸ್. ಮನೆಯಲ್ಲಿ ಬಿದ್ದಿರುವ ವೈಫೈ ರೂಟರ್ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ಇದು ಉಲ್ಟಾ, ಹಲವು 12 ವೋಲ್ಟ್‌ನವು. ಉಲ್ಟಾ ಕೊಟ್ಟರೆ ಡಯೋಡ್ ಐಸಿಯನ್ನು ಉಳಿಸುತ್ತದೆ, ಸದ್ದು ಮಾತ್ರ ಬರುವುದಿಲ್ಲ. ಇನ್ನು, ಲೋಹದ ಮೈಯ ಡಿಸಿ ಸಾಕೆಟ್ ಹಾಕಿದರೆ ಹೊರಸುತ್ತಿನ ಪ್ಲಸ್ ಡಬ್ಬಿಗೆ ತಾಗುತ್ತದೆ. ಡಬ್ಬಿಯಾದರೋ ಗಿಟಾರ್ ಸಾಕೆಟ್ಟುಗಳ ಮೂಲಕ ಗ್ರೌಂಡ್ ಆಗಿರುತ್ತದೆ. ಅಲ್ಲಿಗೆ ಸಪ್ಲೈ ಶಾರ್ಟ್. ಪ್ಲಾಸ್ಟಿಕ್ ಮೈಯದ್ದೇ ಬೇಕು ಎಂದದ್ದು ಇದಕ್ಕೆ. ಡಬ್ಬಿ ಮಾತ್ರ ಲೋಹದ್ದೇ ಇರಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಟ್ಯೂಬ್‌ಲೈಟಿನ ಗುಂಯ್‌ಗುಟ್ಟುವಿಕೆ ಒಳಗೆ ಬರುತ್ತದೆ.

ಅಳೆದು ನೋಡುವುದು

ಐಸಿ ಹಾಕುವ ಮೊದಲೇ ಪವರ್ ಕೊಟ್ಟು ನೋಡಿ: 8ನೇ ಪಿನ್ನಿನಲ್ಲಿ ಸುಮಾರು 8.8 ವೋಲ್ಟ್, ನಡುಬಿಂದುವಿನಲ್ಲಿ ಅದರ ಅರ್ಧ. ಸರಿಯಿದ್ದರೆ ಪವರ್ ತೆಗೆದು, ಕಚ್ಚಿನ ಗುರುತು ನೋಡಿ ಐಸಿ ಕೂರಿಸಿ. ಈಗ 1ನೇ ಪಿನ್ನಿನಲ್ಲೂ ಅದೇ ಅರ್ಧ ಬರಬೇಕು, ಔಟ್‌ಪುಟ್ ಟಿಪ್‌ನಲ್ಲಿ ಸೊನ್ನೆ.

3ನೇ ಪಿನ್ನನ್ನು ಅಳೆದು ಗಾಬರಿಯಾಗುವವರು ಬಹಳ. ಅಗ್ಗದ ಹಳದಿ ಮಲ್ಟಿಮೀಟರಿನ ಒಳಗಿನ ತಡೆ ಸುಮಾರು 1 ಮೆಗಾಓಮ್. 2.2 ಮೆಗಾಓಮ್ ಹಿಂದಿರುವ ಬಿಂದುವಿಗೆ ಅದನ್ನು ತಾಗಿಸಿದರೆ ಮೀಟರೇ ವೋಲ್ಟೇಜನ್ನು ಎಳೆದುಹಾಕುತ್ತದೆ, 4.4 ಇರುವಲ್ಲಿ 1.4 ತೋರಿಸುತ್ತದೆ. 10 ಮೆಗಾಓಮ್‌ನ ಒಳ್ಳೆಯ ಮೀಟರ್ ಕೂಡ 3.6 ಎನ್ನುತ್ತದೆ. ಸರ್ಕ್ಯೂಟ್ ಕೆಟ್ಟಿಲ್ಲ, 1ನೇ ಪಿನ್ನನ್ನು ನಂಬಿ. ಇದೇ ಮೀಟರಿನಲ್ಲಿ 2.2 ಮೆಗಾಓಮ್ ರೆಸಿಸ್ಟರ್ ಅಳೆದರೆ ಬರೀ '1' ಕಾಣಬಹುದು, ಏಕೆಂದರೆ ಅದರ ಮಿತಿ 2 ಮೆಗಾಓಮ್. ಆಗ ಬಣ್ಣ ನೋಡಿ: ಕೆಂಪು, ಕೆಂಪು, ಕಪ್ಪು, ಹಳದಿ, ಕಂದು. ಹಳದಿಯ ಜಾಗದಲ್ಲಿ ಕಂದು ಇದ್ದರೆ ಅದು 2.2 ಕಿಲೋಓಮ್, ಅದನ್ನು ಇನ್‌ಪುಟ್‌ನಲ್ಲಿ ಹಾಕಿದರೆ ದನಿ ಬಫರ್ ಇಲ್ಲದ್ದಕ್ಕಿಂತಲೂ ಸತ್ತುಹೋಗುತ್ತದೆ.

ಎಲ್ಲಿಡಬೇಕು?

ಫಜ್ ಪೆಡಲ್ (ದನಿಯನ್ನು ಒರಟಾಗಿ ಒಡೆಯುವಂಥದ್ದು) ಇದ್ದರೆ ಬಫರ್ ಅದರ ನಂತರ ಬರಬೇಕು. ಫಜ್ ಫೇಸ್ ಮಾದರಿಯ ಸರ್ಕ್ಯೂಟ್‌ಗಳು ಪಿಕಪ್‌ನ ಜೊತೆ ನೇರವಾಗಿ ಸೇರಿಯೇ ಸ್ವರ ಕಟ್ಟುತ್ತವೆ. ನಡುವೆ ಬಫರ್ ಬಂದರೆ ದನಿ ಕರ್ಕಶವಾಗುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿ ಫಜ್ಜನ್ನು ತಿಳಿಯಾಗಿಸುವ ಸೌಲಭ್ಯವೂ ಹೋಗುತ್ತದೆ. ಉಳಿದಂತೆ ಬೋರ್ಡಿನ ಮೊದಲ ಜಾಗವೇ ಸರಿ. ಬೂಸ್ಟರ್‌ನ (ದನಿ ಜೋರು ಮಾಡುವ ಪೆಡಲ್) ನಂತರ ಇಡಬೇಡಿ: 9 ವೋಲ್ಟ್‌ನಲ್ಲಿ ಟಿಎಲ್072ಗೆ ಕೆಳಮುಖವಾಗಿ ಹೆಚ್ಚು ಜಾಗವಿಲ್ಲ, ಅತಿಯಾದ ಸಿಗ್ನಲ್ ಬಂದರೆ ಔಟ್‌ಪುಟ್ ತಲೆಕೆಳಗಾಗಿ ಕೆಟ್ಟದಾಗಿ ಒಡೆಯುತ್ತದೆ.

ಇದೇ ಸರ್ಕ್ಯೂಟ್ ಪಿಟೀಲು, ವೀಣೆಗೆ ಅಂಟಿಸುವ ಪೀಜೋ ಪಿಕಪ್‌ಗೂ (ಕಂಪನವನ್ನು ವಿದ್ಯುತ್ತಾಗಿಸುವ ಬಿಲ್ಲೆ) ಒದಗುತ್ತದೆ, ಎರಡು 2.2 ಮೆಗಾಓಮ್‌ಗಳ ಬದಲು ಎರಡು 10 ಮೆಗಾಓಮ್ ಹಾಕಬೇಕು. ಪೀಜೋ 1 ನ್ಯಾನೋಫ್ಯಾರಡ್‌ನದ್ದಾದರೆ, 1.1 ಮೆಗಾಓಮ್ ಇನ್‌ಪುಟ್‌ನಲ್ಲಿ 145 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಸೊರಗುತ್ತವೆ. 5 ಮೆಗಾಓಮ್ ಆದಾಗ ಆ ಗೆರೆ 32 ಹರ್ಟ್ಸ್‌ಗೆ ಇಳಿದು ಮಂದ್ರ ತುಂಬಿ ಬರುತ್ತದೆ. ಪೀಜೋದ ವಿಷಯದಲ್ಲಿ ಉದ್ದ ಕೇಬಲ್ ಕದಿಯುವುದು ಹೊಳಪನ್ನಲ್ಲ, ಒಟ್ಟು ದನಿಯನ್ನೇ. ಹಾಗಾಗಿ ಡಬ್ಬಿಯನ್ನು ವಾದ್ಯದ ಪಕ್ಕದಲ್ಲೇ, ಒಂದು ಮೀಟರಿನೊಳಗೆ ಇಟ್ಟುಕೊಳ್ಳಿ.