ಕಣ್ಣಿನ ರಕ್ತಸಂಚಾರದ ಸ್ಕ್ಯಾನ್: ಕೂರುವುದು ಹೇಗೆ, ಓದುವುದು ಹೇಗೆ?

ಗ್ಲಾಕೋಮಾದ, ಅಂದರೆ ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಸವೆಯುವ ಕಾಯಿಲೆಯ ಅನುಮಾನ ಬಂದಾಗ ವೈದ್ಯರು ಚೀಟಿಯಲ್ಲಿ ‘ಓಸಿಟಿ ಆಂಜಿಯೋ’ ಎಂದು ಬರೆಯುವುದುಂಟು. ಓಸಿಟಿ ಎಂದರೆ ಬೆಳಕು ಹಾಯಿಸಿ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಸ್ಕ್ಯಾನ್; ಅದರಲ್ಲೇ ರಕ್ತನಾಳಗಳನ್ನು ತೋರಿಸುವ ಬಗೆ ಇದು. ಆಂಜಿಯೋ ಎಂದೊಡನೆ ನಮ್ಮ ಕರಾವಳಿಯ ಹಿರಿಯರಿಗೆ ನೆನಪಾಗುವುದು ಹೃದಯದ ತಪಾಸಣೆ. ಅಡ್ಮಿಟ್ ಆಗಬೇಕೇ ಎಂಬುದೇ ಮೊದಲ ಪ್ರಶ್ನೆ. ಇಲ್ಲಿ ನಳಿಗೆಯೂ ಇಲ್ಲ, ಸೂಜಿಯೂ ಇಲ್ಲ. 1961ರಲ್ಲಿ ಬಳಕೆಗೆ ಬಂದ ಹಳೆಯ ವಿಧಾನದಲ್ಲಿ ಕೈಯ ರಕ್ತನಾಳಕ್ಕೆ ಬಣ್ಣದ ದ್ರವ ಚುಚ್ಚಿ ಕಣ್ಣಿನ ಚಿತ್ರ ತೆಗೆಯುತ್ತಾರೆ. ಕೆಲವು ಕಾಯಿಲೆಗಳಿಗೆ ಅದು ಇಂದಿಗೂ ಬೇಕು. ಈ ಸ್ಕ್ಯಾನಿಗೆ ಬರೀ ಬೆಳಕು ಸಾಕು.

ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದಷ್ಟು ಇರುತ್ತದೆ. ಒತ್ತಡ ಈ ಮಿತಿಯೊಳಗಿದ್ದೂ ದೃಷ್ಟಿನರ ಸವೆಯುವವರಿದ್ದಾರೆ. ಹಾಗಾಗಿಯೇ ನರಕ್ಕೆ ರಕ್ತ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡುವ ಆಸಕ್ತಿ ಹುಟ್ಟಿದ್ದು.

ಹೊರಡುವ ಮುನ್ನ

ಉಪವಾಸ ಬೇಡ, ತಿಂಡಿ ತಿಂದೇ ಹೋಗಿ. ಹಳೆಯ ರಿಪೋರ್ಟುಗಳನ್ನು ಕೈಯಲ್ಲಿಟ್ಟುಕೊಳ್ಳಿ. ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗುತ್ತೀರಿ ಎಂದು ಬರೆದುಕೊಳ್ಳಿ, ಬಿ.ಪಿ. ಮಾತ್ರೆಯಂತೂ ಕಡ್ಡಾಯ. ರಾತ್ರಿ ರಕ್ತದೊತ್ತಡ ತೀರಾ ಇಳಿದರೆ ಕಣ್ಣಿನ ನರಕ್ಕೂ ರಕ್ತ ಕಡಿಮೆಯಾಗಬಹುದು. ಹಾಗೆಂದು ಮಾತ್ರೆಯ ಹೊತ್ತನ್ನು ನೀವೇ ಬದಲಿಸಬೇಡಿ. ಮೆಡಿಕಲ್‌ನಲ್ಲಿ ಕೇಳಿ ತಂದ ಕಣ್ಣಿನ ಹನಿಯಿದ್ದರೆ ಅದರ ಬಾಟಲಿಯನ್ನೂ ತೋರಿಸಿ. ಸ್ಟೀರಾಯ್ಡ್ ಇರುವ ಹನಿ ಕಣ್ಣಿನ ಒತ್ತಡ ಏರಿಸಬಲ್ಲದು.

ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಕಣ್ಣು ಮಂಜು. ಉಡುಪಿಯಿಂದ ಮಣಿಪಾಲಕ್ಕಾಗಲಿ, ಸುರತ್ಕಲ್‌ನಿಂದ ಮಂಗಳೂರಿಗಾಗಲಿ ಆ ದಿನ ಸ್ಕೂಟರ್ ಬೇಡ. ಬಸ್ಸೇ ಸರಿ, ಜತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು.

ಯಂತ್ರದ ಮುಂದೆ

ಗಲ್ಲವನ್ನು ಆಧಾರದ ಮೇಲಿಟ್ಟು ಹಣೆಯನ್ನು ಪಟ್ಟಿಗೆ ಒತ್ತಿ. ಎತ್ತರ ಸರಿಯಿಲ್ಲದೆ ಕತ್ತು ಚಾಚಬೇಕಾದರೆ ಸಂಕೋಚ ಬಿಟ್ಟು ಹೇಳಿ, ಸ್ಟೂಲು ಏರಿಸುತ್ತಾರೆ. ಕಣ್ಣೆದುರು ಸಣ್ಣ ಗುರುತೊಂದು ಕಾಣುತ್ತದೆ. ದೃಷ್ಟಿ ಅದರ ಮೇಲೇ ಇರಲಿ. ಪಕ್ಕದಲ್ಲಿ ಓಡಾಡುವ ಬೆಳಕಿನ ಗೆರೆಯ ಬೆನ್ನು ಹತ್ತಬೇಡಿ. ‘ಅಮ್ಮ, ಈಗ ರೆಪ್ಪೆ ಬಡಿಯಿರಿ, ಇನ್ನು ಬೇಡ’ ಎಂದು ತಂತ್ರಜ್ಞರು ಹೇಳಿದ ಮೇಲೆ ಕೆಲವೇ ಸೆಕೆಂಡುಗಳ ಕೆಲಸ. ಆಗ ರೆಪ್ಪೆ ಬಡಿದರೆ ಚಿತ್ರದಲ್ಲಿ ಅಡ್ಡಕ್ಕೆ ಕಪ್ಪು ಪಟ್ಟಿ ಬೀಳುತ್ತದೆ, ಕಣ್ಣು ಅಲುಗಿದರೆ ನೆಟ್ಟಗಿನ ರಕ್ತನಾಳ ತುಂಡಾಗಿ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಮತ್ತೊಮ್ಮೆ ಕೂರಿಸಿದರೆ ಬೇಸರಿಸಬೇಡಿ, ಕೆಟ್ಟ ಚಿತ್ರವನ್ನು ಒಪ್ಪಿಕೊಳ್ಳದ ತಂತ್ರಜ್ಞರೇ ನಿಮ್ಮ ಹಿತೈಷಿಗಳು.

ಆ ಸೆಕೆಂಡುಗಳಲ್ಲಿ ಯಂತ್ರ ಒಂದೇ ಜಾಗವನ್ನು ಮಿಲಿಸೆಕೆಂಡುಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತದೆ. ಪಂಪ್‌ವೆಲ್ ವೃತ್ತದ ಎರಡು ಫೋಟೊಗಳನ್ನು ಬೆನ್ನುಬೆನ್ನಿಗೆ ತೆಗೆದಿರಿ ಎನ್ನಿ. ಎರಡರಲ್ಲೂ ಇದ್ದಲ್ಲೇ ಇರುವುದು ಕಟ್ಟಡ, ಜಾಗ ಬದಲಿಸಿದ್ದು ವಾಹನ. ಕಣ್ಣಿನಲ್ಲಿ ಜಾಗ ಬದಲಿಸುವುದು ಕೆಂಪು ರಕ್ತಕಣ. ಬದಲಾದ ಚುಕ್ಕೆಗಳನ್ನಷ್ಟೇ ಆಯ್ದು ಜೋಡಿಸಿದರೆ ರಕ್ತನಾಳಗಳ ನಕ್ಷೆ ಸಿದ್ಧ. ತೊಂದರೆಯೂ ಇಲ್ಲೇ ಇದೆ: ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸು ಫೋಟೊದಲ್ಲಿ ಕಟ್ಟಡದಂತೆಯೇ ಕಾಣುತ್ತದೆ. ತೀರಾ ನಿಧಾನವಾಗಿ ಹರಿಯುವ ರಕ್ತ ನಕ್ಷೆಗೆ ಬರುವುದೇ ಇಲ್ಲ. ರಕ್ತ ಎಲ್ಲಿ ಹರಿಯುತ್ತಿದೆ ಎಂದು ಈ ಚಿತ್ರ ಹೇಳುತ್ತದೆ, ಎಷ್ಟು ವೇಗವಾಗಿ ಎಂದಲ್ಲ.

ಪ್ರಿಂಟ್ ಕೈಗೆ ಬಂದಾಗ

ಬಣ್ಣ ನೋಡುವ ಮೊದಲು ಮೂಲೆಯಲ್ಲಿರುವ ಸಿಗ್ನಲ್ ಗುಣಮಟ್ಟದ ಅಂಕಿಯನ್ನು ಹುಡುಕಿ. ಕಣ್ಣಿನ ಪೊರೆ ಬಲಿತಿದ್ದರೆ ಆ ಅಂಕಿ ಇಳಿಯುತ್ತದೆ, ಆಗ ಆರೋಗ್ಯವಂತ ರಕ್ತನಾಳವೂ ಮಾಯವಾದಂತೆ ಕಾಣಬಹುದು. ಅಂಕಿ ಕಡಿಮೆಯಿದ್ದರೆ ಉಳಿದದ್ದನ್ನು ನೋಡಿ ತಲೆಬಿಸಿ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಚಿತ್ರ ಚೆನ್ನಾಗಿದ್ದರೆ ದೃಷ್ಟಿನರದ ತಟ್ಟೆಯ (ನರ ಕಣ್ಣಿನಿಂದ ಹೊರಡುವ ದುಂಡಗಿನ ಜಾಗದ) ಸುತ್ತ ಕೂದಲೆಳೆಯಂಥ ನಾಳಗಳು ಹೊರಮುಖವಾಗಿ ಹರಡಿರುವುದು ಕಾಣುತ್ತದೆ. ಗ್ಲಾಕೋಮಾದಲ್ಲಿ ಈ ಎಳೆಗಳು ವಿರಳವಾಗಿ, ಹಲವು ಬಾರಿ ತಟ್ಟೆಯ ಕೆಳಭಾಗದಲ್ಲಿ ಬೆಣೆಯಾಕಾರದ ಕಪ್ಪು ಜಾಗ ಬಿಡುತ್ತವೆ. ಪಕ್ಕದ ಶೇಕಡಾವಾರು ಅಂಕಿ ರಕ್ತನಾಳಗಳ ಸಾಂದ್ರತೆ. ವಯಸ್ಸಾದವರಲ್ಲಿ, ಹೆಚ್ಚು ಮೈನಸ್ ಪವರ್ ಇರುವವರಲ್ಲಿ ಅದು ಗ್ಲಾಕೋಮಾ ಇಲ್ಲದೆಯೂ ತಗ್ಗಿರಬಹುದು. ಒಂದು ಕಂಪನಿಯ ಯಂತ್ರದ ಅಂಕಿಯನ್ನು ಇನ್ನೊಂದರದ್ದರ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ; ಮುಂದಿನ ಸಲವೂ ಅದೇ ಯಂತ್ರದಲ್ಲಿ ಮಾಡಿಸುವುದು ಜಾಣತನ.

ರಕ್ತ ಕಡಿಮೆಯಾದದ್ದರಿಂದ ನರ ಸತ್ತಿತೋ, ನರ ಸತ್ತದ್ದರಿಂದ ರಕ್ತದ ಅಗತ್ಯ ಕಡಿಮೆಯಾಯಿತೋ ಎಂಬ ಚರ್ಚೆ ಮುಗಿದಿಲ್ಲ. ಆದ್ದರಿಂದ ಒತ್ತಡದ ಅಳತೆ, ದೃಷ್ಟಿಕ್ಷೇತ್ರ ಪರೀಕ್ಷೆ, ನರಪದರದ ದಪ್ಪ ನೋಡುವ ಸಾಮಾನ್ಯ ಓಸಿಟಿ ಇವುಗಳ ಬದಲಿಗೆ ಇದೊಂದೇ ಸಾಕು ಎನ್ನುವವರ ಮಾತನ್ನು ನಂಬಬೇಡಿ. ಇದು ಹೆಚ್ಚು ಕೆಲಸಕ್ಕೆ ಬರುವುದು ಕಾಯಿಲೆ ಬಲಿತ ಮೇಲೆ: ನರಪದರ ಇನ್ನು ತೆಳುವಾಗಲಾರದ ಹಂತ ಮುಟ್ಟಿದರೂ ರಕ್ತನಾಳಗಳ ನಕ್ಷೆಯಲ್ಲಿ ಬದಲಾವಣೆ ಗುರುತಿಸಲು ಸಾಧ್ಯವಾಗಬಹುದು.

ನಿಮಗೆ ಗ್ಲಾಕೋಮಾ ಖಚಿತವಾದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ವಿಷಯ ತಿಳಿಸಿ. ಅವರಿಗೆ ಅಪಾಯ ಹೆಚ್ಚು. ಅವರು ನೇರವಾಗಿ ಈ ಸ್ಕ್ಯಾನಿಗೆ ಓಡಬೇಕಿಲ್ಲ, ಕಣ್ಣಿನ ಒತ್ತಡ ಮತ್ತು ದೃಷ್ಟಿನರದ ತಪಾಸಣೆಯಿಂದ ಶುರು ಮಾಡಿದರಾಯಿತು.